ಒಲೆಯ ಮೇಲಣ ಹಾಲು

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಹುಣಸೂರನ್ನೂ ಪಿರಿಯಾಪಟ್ಟಣವನ್ನೂ ಹಿಂದಿಟ್ಟು, ಕುಶಾಲನಗರದ ಕಾವೇರಿ ಸೇತುವೆಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಎಡಕ್ಕೆ ಹೊರಳಿದರೆ, ಮುಸುಕಿನ ಜೋಳದ ಹೊಲಗಳ ನಡುವೆ ಬೈಲಕುಪ್ಪೆಯ ಟಿಬೆಟನ್ನರ ನೆಲೆಗಳು ಕಾಣತೊಡಗುತ್ತವೆ. 1960ರ ದಶಕದ ಆದಿಯಲ್ಲಿ ಕಾಡು ಕಡಿದು ಊರು ಕಟ್ಟಿಕೊಂಡ ಈ ಜನ ತಮ್ಮೊಡನೆ ತಂದ ಸಾಮಗ್ರಿಗಳಲ್ಲಿ ನನ್ನ ಕುತೂಹಲವನ್ನು ಮೊದಲಿನಿಂದಲೂ ಕೆರಳಿಸುತ್ತ ಬಂದಿರುವುದು ಮಣಿಚಕ್ರ. ಒಂದು ಟೊಳ್ಳು ಉರುಳೆ. ಅದರೊಳಗೆ ಅವಲೋಕಿತೇಶ್ವರನ ಷಡಕ್ಷರಿಯನ್ನು ಸಾವಿರಾರು ಸಲ ಅಚ್ಚು ಹಾಕಿದ ಕಾಗದದ ಸುರುಳಿ. ಅದನ್ನು ಬಲಸುತ್ತಾಗಿ ಒಮ್ಮೆ ತಿರುಗಿಸಿದರೆ ಒಳಗಿರುವ ಅಷ್ಟೂ ಮಂತ್ರವನ್ನು ಜಪಿಸಿದ ಫಲವೆಂದು ಭಕ್ತರ ಶ್ರದ್ಧೆ. ಮುಂಜಾನೆ ಮಠದ ಸುತ್ತ ಪ್ರದಕ್ಷಿಣೆ ಬರುವ ಮುದುಕಿಯರು ಸಾಲುಚಕ್ರಗಳನ್ನು ಒಂದೊಂದಾಗಿ ಅಂಗೈಯಿಂದ ನೂಕುತ್ತ ನಡೆಯುವುದನ್ನು ನೋಡುವುದೇ ಒಂದು ಹಿತ. ಆದರೆ ಅಲ್ಲಿಯೇ, ಮಠದ ಎದುರಿನ ಅಂಗಡಿಯಲ್ಲಿ, ಕಾರಿನ ಗಾಜಿನ ಹಿಂದೆ ಇಡತಕ್ಕ ಒಂದು ಪುಟ್ಟ ಮಣಿಚಕ್ರವನ್ನು ಮಾರುತ್ತಿದ್ದರು. ಅದು ಬಿಸಿಲಿನ ಬಲದಿಂದ ತನ್ನಷ್ಟಕ್ಕೆ ತಿರುಗುತ್ತಿತ್ತು. ಕೈಯೆಂಬುದೇ ಬೇಡವಾಗಿದ್ದ ಆ ಚಕ್ರವನ್ನು ನೋಡಿ, ಇದರ ಪುಣ್ಯ ಯಾರಿಗೆ ಎಂದು ಅಂಗಡಿಯಾತನನ್ನು ಕೇಳಿದೆ. ನಮ್ಮ ಸೀಮೆಯ ಕನ್ನಡವನ್ನು ನಮಗಿಂತ ಚೆನ್ನಾಗಿ ಆಡುತ್ತಿದ್ದ ಆ ಟಿಬೆಟನ್ ತರುಣ ಬೊಂಬೆಯ ಧೂಳು ಒರೆಸುವುದನ್ನು ನಿಲ್ಲಿಸದೆಯೇ ಹೇಳಿದ: “ಕಾರಲ್ಲಿ ಕೂತೋರು ನೋಡಿದ್ರೆ ಕೂತೋರಿಗೆ ಸಾರ್. ನೋಡದೆ ಇದ್ರೆ ಯಾರಿಗೂ ಇಲ್ಲ.”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ; ಏಕೆಂದರೆ ಅದೇ ತಿಂಗಳಲ್ಲಿ ನಾನು ನಮ್ಮ ಭಾಗದ ಕೆಲವು ಶಾಲೆಗಳನ್ನು ನೋಡಿ ಬಂದಿದ್ದೆ, ಮತ್ತು ಅಲ್ಲಿ ತರಗತಿಯ ಗೋಡೆಗೆ ತೂಗುಹಾಕಿದ್ದ ದೊಡ್ಡ ಪರದೆಗಳು ತಮ್ಮಷ್ಟಕ್ಕೆ ಪಾಠ ಹೇಳುತ್ತಿದ್ದುವು. ತಾನಾಗಿ ತಿರುಗುವ ಚಕ್ರದ ಜಪ ಯಾರದು ಎಂಬುದೂ ತಾನಾಗಿ ನಡೆಯುವ ಪಾಠದ ವಿದ್ಯೆ ಯಾರದು ಎಂಬುದೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ನನಗೆ ತೋರಿತು. ಶಾಲೆಗೆ ಯಂತ್ರ ಬರಬೇಕೆ ಬೇಡವೆ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತುವುದಿಲ್ಲ, ಅದು ಬಂದಾಗಿದೆ. ಬಂದ ಮೇಲೆ ಅದಕ್ಕೂ ಅರಿವಿಗೂ ಯಾವ ಬಗೆಯ ನಂಟು ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆ, ಮತ್ತು ಹಳೆಯದೇ ಆದ ಪ್ರಶ್ನೆ.

ಯಂತ್ರವೆಂಬ ಶಬ್ದವನ್ನೇ ಕೊಂಚ ನೋಡೋಣ. ಅದರ ಮೂಲ ‘ಯಮ್’ ಎಂಬ ಧಾತು: ಹಿಡಿ, ತಡೆ, ಅಂಕೆಯಲ್ಲಿಡು ಎಂದು ಅರ್ಥ. ನಿಯಮ, ಸಂಯಮ ಎಂಬ ಶಬ್ದಗಳು ಇದರ ಒಡಹುಟ್ಟಿದವು. ನಮ್ಮ ಹಿರಿಯರು ದೇವರ ಕೋಣೆಯಲ್ಲಿ ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಪೂಜಿಸುತ್ತಿದ್ದುದೂ ಯಂತ್ರವೇ. ಅಲೆಯುವ ಚಿತ್ತವನ್ನು ಒಂದು ಬಿಂದುವಿನಲ್ಲಿ ಹಿಡಿದು ನಿಲ್ಲಿಸುವುದು ಅದರ ಕೆಲಸ. ಹೀಗೆ ಆ ಶಬ್ದದ ಹುಟ್ಟಿನಲ್ಲಿರುವುದು ಓಟವಲ್ಲ, ತಡೆ. ಓಡುವುದನ್ನು ಮಾತ್ರ ಯಂತ್ರವೆಂದು ತಿಳಿದಿರುವ ನಮಗೆ ಈ ವ್ಯುತ್ಪತ್ತಿ ವಿಚಿತ್ರವಾಗಿ ಕಂಡೀತು. ನನಗೂ ಹಾಗೆಯೇ ಕಂಡಿತ್ತು, ಹುಣಸೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಹಿಂದಿನ ಬೆಂಚಿನಲ್ಲಿ ಒಂದು ಮಧ್ಯಾಹ್ನ ಕುಳಿತುಕೊಳ್ಳುವವರೆಗೆ.

ಅಂದಿನ ಪಾಠ ಚಂದ್ರನ ವೃದ್ಧಿಕ್ಷಯ. ಪರದೆಯ ಮೇಲೆ ಕಪ್ಪು ಆಕಾಶದಲ್ಲಿ ಚಂದ್ರ ತೆಳ್ಳಗಾಗುತ್ತ ದಪ್ಪಗಾಗುತ್ತ ಸಾಗುತ್ತಿದ್ದ. ಹಿನ್ನೆಲೆಯಲ್ಲಿ ಯಾವನೋ ಸುಸ್ವರನಾದ ಮಹನೀಯ ಸ್ಪಷ್ಟವಾದ ಕನ್ನಡದಲ್ಲಿ ವಿವರಿಸುತ್ತಿದ್ದ. ಮಕ್ಕಳೆಲ್ಲರೂ ಪರದೆಯನ್ನು ನೋಡುತ್ತಿದ್ದರು. ಉಪಾಧ್ಯಾಯಿನಿ ಮಾತ್ರ ಅದಕ್ಕೆ ಬೆನ್ನು ಮಾಡಿ ನಿಂತು ಮಕ್ಕಳನ್ನು ನೋಡುತ್ತಿದ್ದರು. ಅರ್ಧಚಂದ್ರ ಬಂದ ಗಳಿಗೆಯಲ್ಲಿ ಅವರು ಸಟಕ್ಕನೆ ಗುಂಡಿಯೊತ್ತಿ ಚಿತ್ರವನ್ನು ನಿಲ್ಲಿಸಿ, ನಾಲ್ಕನೆಯ ಸಾಲಿನ ಒಂದು ಹುಡುಗಿಯ ಕಡೆ ತಿರುಗಿ “ಏನವ್ವ?” ಎಂದರು. ಹುಡುಗಿ ಕೈಯೆತ್ತಿರಲಿಲ್ಲ, ಬಾಯಿ ತೆರೆದಿರಲಿಲ್ಲ. ಹುಬ್ಬನ್ನು ಸ್ವಲ್ಪ ಗಂಟಿಕ್ಕಿದ್ದಳು, ಅಷ್ಟೆ. ಎದ್ದು ನಿಂತು ಕೇಳಿದಳು: “ಮಿಸ್, ಕತ್ಲಾಗಿರೋ ಅರ್ಧ ಅಲ್ಲೇ ಇರುತ್ತಾ, ಇಲ್ಲ ಹೊಂಟೋಗಿರುತ್ತಾ?”

ಇದಕ್ಕಿಂತ ಗಂಭೀರವಾದ ಪ್ರಶ್ನೆಯನ್ನು ದಾರ್ಶನಿಕರು ಕೇಳಿದ್ದಾರೆಯೇ, ನಾನರಿಯೆ. ಕಾಣದ್ದು ಇದೆಯೋ ಇಲ್ಲವೋ ಎಂಬುದರ ಮೇಲೆ ನೈಯಾಯಿಕರೂ ಬೌದ್ಧರೂ ಶತಮಾನಗಳ ಕಾಲ ಗ್ರಂಥಗಳನ್ನೇ ರಚಿಸಿದರು. ಉಪಾಧ್ಯಾಯಿನಿ ಉತ್ತರ ಹೇಳಲಿಲ್ಲ. “ನಿಂಗೇನ್ ಅನ್ಸುತ್ತೆ?” ಎಂದು ಮರುಪ್ರಶ್ನೆ ಹಾಕಿದರು. ತರಗತಿ ಒಡೆದು ಎರಡಾಯಿತು. ಅಲ್ಲೇ ಇರುತ್ತದೆಂದವರಿಗೆ ಸಾಕ್ಷಿ ಬೇಕಾಯಿತು. ಹೋಗಿರುತ್ತದೆಂದವರಿಗೆ ಹೋದದ್ದೆಲ್ಲಿಗೆ ಎಂಬ ಕಷ್ಟ ಎದುರಾಯಿತು. ಒಬ್ಬ ಹುಡುಗ ರಾಹುವನ್ನು ಕರೆತಂದ. ತೆಳ್ಳಗಿನ ಬಿದಿಗೆಯ ಚಂದ್ರನ ದಿನ ಉಳಿದ ಭಾಗವೂ ಮಬ್ಬಾಗಿ ಬೂದುಬಣ್ಣದಲ್ಲಿ ಕಾಣುವುದನ್ನು ತಾನು ಹೊಗೆಸೊಪ್ಪಿನ ಬ್ಯಾರನ್ನಿನ ಬಳಿ ರಾತ್ರಿ ಬೆಂಕಿ ಕಾಯುವಾಗ ನೋಡಿದ್ದೇನೆಂದು ಇನ್ನೊಬ್ಬ ಸಾಕ್ಷಿ ನುಡಿದ ಮೇಲೆ ವಾದ ಒಂದು ಕಡೆಗೆ ವಾಲಿತು. ಗಂಟೆ ಹೊಡೆಯಿತು. ಚಿತ್ರದ ಉಳಿದರ್ಧ ಅಂದು ಯಾರೂ ನೋಡಲಿಲ್ಲ. ಯಾರಿಗೂ ಅದು ಬೇಕಾಗಿಯೂ ಇರಲಿಲ್ಲ. ಬರುವಾಗ ನಾನು ಯೋಚಿಸಿದೆ: ಆ ಪೆಟ್ಟಿಗೆಯಲ್ಲಿರುವ ಸಕಲ ಚಮತ್ಕಾರಗಳಲ್ಲಿಯೂ ಅತ್ಯಂತ ಬೆಲೆಯುಳ್ಳದ್ದು ಅದನ್ನು ನಿಲ್ಲಿಸುವ ಗುಂಡಿ. ಧಾತ್ವರ್ಥದಲ್ಲಿ ಯಂತ್ರವೆನಿಸಿಕೊಳ್ಳಲು ಅದರಲ್ಲಿ ಯೋಗ್ಯವಾದದ್ದು ಅದೊಂದೇ.

ಇನ್ನೊಂದು ಊರಿನ ಇನ್ನೊಂದು ಶಾಲೆಯಲ್ಲಿಯೂ, ಅದರ ಹೆಸರು ಬೇಡ, ಇದೇ ಚಂದ್ರನನ್ನು ನೋಡಿದೆ. ಅಲ್ಲಿಯ ಉಪಾಧ್ಯಾಯರು ಚಿತ್ರವನ್ನು ಓಡಲು ಬಿಟ್ಟು, ಹಿಂದಿನ ಮೇಜಿನಲ್ಲಿ ಕುಳಿತು ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕವನ್ನೂ ಮೊಟ್ಟೆಯ ಲೆಕ್ಕವನ್ನೂ ತುಂಬುತ್ತಿದ್ದರು. ಅವರನ್ನು ನಾನು ನಿಂದಿಸಲಾರೆ. ಆ ಲೆಕ್ಕ ಸಂಜೆಯೊಳಗೆ ಹೋಗದಿದ್ದರೆ ಅವರ ಪಾಡೇನೆಂಬುದನ್ನು ಬಲ್ಲವರು ಬಲ್ಲರು. ಚಿತ್ರ ಮುಗಿದಾಗ ಅವರು ತಲೆಯೆತ್ತಿ “ಅರ್ಥವಾಯಿತೆ?” ಎಂದರು, ನಲವತ್ತು ಕೊರಳು ಒಂದೇ ರಾಗದಲ್ಲಿ “ಆಯಿತು ಸಾರ್” ಎಂದುವು. ಬಿಸಿಲಿಗೆ ತಿರುಗುವ ಮಣಿಚಕ್ರ ನನಗೆ ನೆನಪಾಯಿತು.

ಒಂದೇ ಯಂತ್ರ, ಒಂದೇ ಚಿತ್ರ, ಒಂದೇ ಸುಸ್ವರ. ಫಲ ಮಾತ್ರ ಬೇರೆ. ಈ ಭೇದವನ್ನು ವಿವರಿಸಲು ನಮ್ಮ ಪ್ರಮಾಣಶಾಸ್ತ್ರದಲ್ಲಿ ಒಂದು ಉಪಕರಣ ಸಿದ್ಧವಾಗಿದೆ. ಶಬ್ದವು, ಎಂದರೆ ಇನ್ನೊಬ್ಬರ ಮಾತು, ಯಾವಾಗ ಜ್ಞಾನಕ್ಕೆ ಸಾಧನವಾಗುತ್ತದೆ? ಆಪ್ತನು ಆಡಿದಾಗ ಎಂದು ಗೌತಮನ ನ್ಯಾಯಸೂತ್ರ. ಆಪ್ತನೆಂದರೆ ಯಾರು? ಭಾಷ್ಯಕಾರನಾದ ವಾತ್ಸ್ಯಾಯನನು ಇದಕ್ಕೆ ಕೊಡುವ ಲಕ್ಷಣ ಬಹು ಸೊಗಸಾದದ್ದು: ವಸ್ತುವನ್ನು ಸಾಕ್ಷಾತ್ತಾಗಿ ಕಂಡಿರಬೇಕು, ಕಂಡದ್ದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯಿರಬೇಕು, ಆ ಇಚ್ಛೆಯಿಂದ ಪ್ರೇರಿತನಾಗಿ ಮಾತಿಗೆ ತೊಡಗಿರಬೇಕು. ಈ ಇಚ್ಛೆಗೆ ಆತ ಬಳಸುವ ಶಬ್ದ ‘ಚಿಖ್ಯಾಪಯಿಷಾ’. ನಾಲಿಗೆಗೆ ತೊಡಕಾದರೂ ಮನಸ್ಸಿಗೆ ಹಿತವಾದ ಶಬ್ದ. ತಿಳಿಯಪಡಿಸಬೇಕೆಂಬ ಹಂಬಲ ಎಂದು ಅದನ್ನು ಕನ್ನಡಿಸಬಹುದು. ಇಷ್ಟು ಹೇಳಿ ಅವನು ಸುಮ್ಮನಾಗುವುದಿಲ್ಲ. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುತ್ತಾನೆ. ಜಾತಿ ಕುಲಗಳ ಕಟ್ಟಿನೊಳಗೆ ಕುಳಿತು ಅಷ್ಟು ಹಿಂದೆ ಹೀಗೆ ಬರೆದವನ ಎದೆಗಾರಿಕೆಯನ್ನು ನಾವು ಸಾಕಷ್ಟು ಕೊಂಡಾಡಿಲ್ಲವೆಂದೇ ನನ್ನ ಅಭಿಪ್ರಾಯ.

ಈ ಲಕ್ಷಣದ ಮುಂದೆ ಪರದೆಯನ್ನು ನಿಲ್ಲಿಸಿದರೆ ಏನಾಗುತ್ತದೆ? ಅದು ಏನನ್ನೂ ಕಂಡಿಲ್ಲ. ಅದಕ್ಕೆ ಯಾವ ಹಂಬಲವೂ ಇಲ್ಲ. ಪ್ರಶ್ನೆ ಕೇಳಿದರೆ ಉತ್ತರ ಹೆಣೆದುಕೊಡುವ ಈಚಿನ ಮಾತಿನ ಯಂತ್ರಗಳಿಗೂ ಈ ತೀರ್ಪೇ ಅನ್ವಯವಾಗುತ್ತದೆ: ಮಾತು ಉಂಟು, ಕಂಡವರಿಲ್ಲ. ಹಾಗೆಂದು ಯಂತ್ರವನ್ನು ಹೊರಗಟ್ಟುವುದಾದರೆ ಪುಸ್ತಕವನ್ನೂ ಹೊರಗಟ್ಟಬೇಕಾದೀತು. ಪುಸ್ತಕವೂ ಏನನ್ನೂ ಕಂಡಿಲ್ಲ. ನಿಜವಾದ ಮಾತೆಂದರೆ, ಇವೆಲ್ಲ ದ್ವಾರಗಳು. ದ್ವಾರದ ಆಚೆ ಒಬ್ಬ ಹಂಬಲಿಗನಿರಬೇಕು, ಈಚೆ ಒಬ್ಬ ಸಂದೇಹಿಯಿರಬೇಕು. ಇಬ್ಬರಿಗೂ ನಡುವೆ ಮಾತು ಎರಡು ದಿಕ್ಕಿಗೂ ಹಾಯುವಂತಿರಬೇಕು. ಪುಸ್ತಕವಾದರೋ ನಾವು ತಲೆಯೆತ್ತಿದೊಡನೆ ತಾನೂ ನಿಲ್ಲುತ್ತದೆ. ಹುಬ್ಬು ಗಂಟಿಕ್ಕಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಯುತ್ತದೆ. ಚಲಿಸುವ ಚಿತ್ರ ಕಾಯುವುದಿಲ್ಲ. ಅದರ ಪರವಾಗಿ ಯಾರಾದರೂ ಕಾಯಬೇಕು.

ಕಾಯುವುದು ಎಂಬ ಮಾತಿನೊಡನೆ ನನ್ನ ಮನಸ್ಸು ಹುಣಸೂರನ್ನು ಬಿಟ್ಟು ಕಾವೇರಿಯ ಕಡೆಗೆ, ಸಾಲಿಗ್ರಾಮಕ್ಕೆ, ಹೋಗುತ್ತದೆ. ಬಹುಕಾಲ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿದ್ದು ಈಚೆಗೆ ತಾನೇ ಒಂದು ತಾಲ್ಲೂಕಾಗಿರುವ ಈ ಊರು ಶ್ರೀವೈಷ್ಣವರಿಗೆ ಪುಣ್ಯಕ್ಷೇತ್ರ. ಚೋಳರಾಜನ ಕೋಪಕ್ಕೆ ದೂರವಾಗಿ ಮೇಲುಸೀಮೆಗೆ ಬಂದ ರಾಮಾನುಜಾಚಾರ್ಯರು ಇಲ್ಲಿ ತಂಗಿದ್ದರೆಂದೂ, ಆಚಾರ್ಯರ ಆಜ್ಞೆಯಂತೆ ಶಿಷ್ಯ ಮುದಲಿಯಾಂಡಾನರ ಪಾದ ತೊಳೆದ ಕೊಳದ ನೀರು ಊರವರನ್ನೆಲ್ಲ ಭಕ್ತರನ್ನಾಗಿಸಿತೆಂದೂ ಪರಂಪರೆ. ಈ ಊರಿನಲ್ಲಿ ಹುಟ್ಟಿ ಆಚಾರ್ಯರ ಬೆನ್ನು ಹತ್ತಿ ಶ್ರೀರಂಗಕ್ಕೆ ಹೋದವನು ವಡುಗನಂಬಿ. ಆಂಧ್ರಪೂರ್ಣನೆಂದು ಅವನ ಸಂಸ್ಕೃತದ ಹೆಸರು, ‘ಯತಿರಾಜವೈಭವ’ವೆಂಬ ಕೃತಿ ಅವನದು. ಅವನ ಬಗ್ಗೆ ಹೇಳುವ ಒಂದು ಕಥೆ ಹೀಗಿದೆ. ಒಂದು ದಿನ ಶ್ರೀರಂಗನಾಥನ ಉತ್ಸವ ಮಠದ ಬಾಗಿಲಿಗೆ ಬಂತು. ಆಚಾರ್ಯರು ಹೊರಗೆ ಬಂದು ನಿಂತು, ಅಡುಗೆಮನೆಯಲ್ಲಿದ್ದ ಶಿಷ್ಯನನ್ನು ದರ್ಶನಕ್ಕೆಂದು ಕರೆದರು. ಅವನು ಆಚಾರ್ಯರಿಗೆಂದು ಹಾಲು ಕಾಯಿಸುತ್ತಿದ್ದ. ನಿಮ್ಮ ದೇವರನ್ನು ನೋಡಲು ನಾನು ಬಂದರೆ ನನ್ನ ದೇವರ ಹಾಲು ಉಕ್ಕಿ ಹೋಗುತ್ತದೆಯಲ್ಲ ಎಂದು ಒಳಗಿನಿಂದಲೇ ಬಿನ್ನವಿಸಿಕೊಂಡನಂತೆ.

ಗುರುಭಕ್ತಿಯ ಪರಾಕಾಷ್ಠೆಗೆ ದೃಷ್ಟಾಂತವೆಂದು ಈ ಕಥೆಯನ್ನು ಹೇಳುವುದು ವಾಡಿಕೆ. ನನಗೆ ಮಾತ್ರ ಅದರಲ್ಲಿ ಭಕ್ತಿಗಿಂತ ಹಾಲೇ ಮುಖ್ಯವಾಗಿ ಕಾಣುತ್ತದೆ. ಹಾಲು ಕಾಯಿಸಿದವರಿಗೆಲ್ಲ ಗೊತ್ತು: ಅದು ಬಹಳ ಹೊತ್ತು ಏನೂ ಆಗದಂತೆ ಇರುತ್ತದೆ, ಆಗುವುದು ಒಂದೇ ಕ್ಷಣದಲ್ಲಿ, ಮತ್ತು ಆ ಕ್ಷಣದಲ್ಲಿ ಕಣ್ಣು ಬೇರೆಡೆ ಇದ್ದರೆ ತೀರಿತು. ಬೀದಿಯಲ್ಲಿ ಉತ್ಸವ ನಡೆಯುತ್ತಿದೆ. ಅದು ಸುಂದರ, ಪೂಜ್ಯ, ನೋಡತಕ್ಕದ್ದೇ. ಆದರೂ ಒಲೆಯ ಮುಂದಿರುವವನು ಅದನ್ನು ನೋಡಕೂಡದು. ತರಗತಿಯ ಪರದೆಯ ಮೇಲೆ ಸೌರಮಂಡಲವೇ ಮೆರವಣಿಗೆ ಹೊರಟಿರುವಾಗ ಮಕ್ಕಳು ಅದನ್ನು ನೋಡಲಿ; ಉಪಾಧ್ಯಾಯನು ನೋಡತಕ್ಕದ್ದು ಮಕ್ಕಳನ್ನು. ಕಪ್ಪುಹಲಗೆಯ ಕಾಲದಲ್ಲಿ ಅವನಿಗೆ ಈ ಅನುಕೂಲ ಇರಲಿಲ್ಲ. ಚಿತ್ರ ಬರೆಯಲು ಅವನೇ ಬೆನ್ನು ತಿರುಗಿಸಬೇಕಾಗಿತ್ತು, ಬೆನ್ನು ತಿರುಗಿಸಿದಾಗ ಹಿಂದೆ ಏನೇನು ನಡೆಯುತ್ತಿತ್ತೆಂಬುದನ್ನು ಈ ಲೇಖಕನೂ ಸ್ವಾನುಭವದಿಂದ ಬಲ್ಲ. ಈಗ ಯಂತ್ರವು ಅವನ ಕೈಯನ್ನೂ ಕಣ್ಣನ್ನೂ ಬಿಡಿಸಿದೆ. ಬಿಡುಗಡೆಯಾದ ಆ ಕಣ್ಣು ಹಾಲಿನ ಮೇಲೆ ಹೋಗುತ್ತದೆಯೋ, ಉತ್ಸವದ ಮೇಲೆಯೋ, ಮೊಟ್ಟೆಯ ಲೆಕ್ಕದ ಮೇಲೆಯೋ: ನನ್ನ ಪ್ರಶ್ನೆಯೆಲ್ಲ ಇಷ್ಟೇ.

ಹೀಗೆ ಕಣ್ಣನ್ನು ಬಿಡಿಸಿಕೊಡುವ ಯಂತ್ರವನ್ನು ಹುಡುಕಿಕೊಂಡು ವಿದ್ಯುತ್ತಿನ ಉಪಕರಣದವರೆಗೆ ಹೋಗಬೇಕಾಗಿಲ್ಲ. ಹೆಗ್ಗಡದೇವನಕೋಟೆಯ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫಿನ ನೆರವಿನೊಡನೆ ‘ನಲಿ ಕಲಿ’ ಎಂಬ ಪದ್ಧತಿ ಮೊದಲಾಯಿತು. ಅಂದಿನ ಹೆಗ್ಗಡದೇವನಕೋಟೆಯೆಂದರೆ ಕಾಡಂಚಿನ ಹಾಡಿಗಳು, ಕಬಿನಿಯ ಹಿನ್ನೀರು, ಒಬ್ಬಿಬ್ಬರೇ ಉಪಾಧ್ಯಾಯರಿರುವ ಶಾಲೆಗಳು. ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳು, ಅವರಲ್ಲಿ ನಿನ್ನೆ ಬಂದವನು ಇಂದು ಬಾರದವನು. ಇಲ್ಲಿಯ ಕೆಲವು ಉಪಾಧ್ಯಾಯರು ಮದನಪಲ್ಲಿಯ ಸಮೀಪದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಶಾಲೆಗಳಲ್ಲಿ ಪದ್ಮನಾಭರಾವ್ ಮತ್ತು ರಮಾ ದಂಪತಿಗಳು ರೂಪಿಸಿದ್ದ ಕಾರ್ಡುಗಳ ಕ್ರಮವನ್ನು ಕಂಡು ಬಂದು, ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ಕುಳಿತು ಬರೆದರು. ಗೋಡೆಯ ಮೇಲೆ ಕಲಿಕೆಯ ಏಣಿ. ಏಣಿಯ ಒಂದೊಂದು ಮೆಟ್ಟಿಲಿಗೂ ಒಂದು ಗುರುತಿನ ಚಿತ್ರ. ಅದೇ ಚಿತ್ರವುಳ್ಳ ಕಾರ್ಡು ಪೆಟ್ಟಿಗೆಯಲ್ಲಿ. ಮಗುವು ಬಂದು ತಾನು ಹತ್ತಿ ನಿಂತಿದ್ದ ಮೆಟ್ಟಿಲನ್ನು ನೋಡಿಕೊಂಡು, ಮುಂದಿನ ಕಾರ್ಡನ್ನು ತಾನೇ ಆರಿಸಿ, ತನಗೆ ಸಲ್ಲುವ, ‘ತಟ್ಟೆ’ಯೆಂದು ಕರೆಯುವ ಗುಂಪಿನಲ್ಲಿ ನೆಲದ ಮೇಲೆ ಕೂರುತ್ತದೆ. ಒಂದು ಗುಂಪಿಗೆ ಉಪಾಧ್ಯಾಯರ ಪೂರ್ಣ ನೆರವು, ಇನ್ನೊಂದಕ್ಕೆ ಅರೆನೆರವು, ಮತ್ತೆರಡಕ್ಕೆ ಜೊತೆಯ ಮಕ್ಕಳದೇ ಪೂರ್ಣ ಇಲ್ಲವೆ ಅರೆ ನೆರವು, ಕೊನೆಯದಕ್ಕೆ ತನ್ನ ನೆರವು ತನಗೆ. ತಲೆಯ ಮೇಲೆ ದಾರದ ಚಪ್ಪರ, ಅದರ ತುಂಬ ಮಕ್ಕಳು ಬರೆದ ಚಿತ್ರ. ಗೋಡೆಯ ಬುಡದಲ್ಲಿ, ಕುಳಿತ ಮಗುವಿನ ಎದೆಮಟ್ಟಕ್ಕೆ, ಪಾಲು ಮಾಡಿಕೊಟ್ಟ ಕಪ್ಪುಹಲಗೆ.

ಹೊಗೆಸೊಪ್ಪಿನ ಕಾಲದಲ್ಲಿ ಹದಿನೈದು ದಿನ ಶಾಲೆ ತಪ್ಪಿಸಿದ ಮಗು ಈ ಕೋಣೆಗೆ ಮರಳಿದಾಗ ಪಾಠ ಅದನ್ನು ಬಿಟ್ಟು ಮುಂದೆ ಓಡಿಹೋಗಿರುವುದಿಲ್ಲ. ಏಣಿ ಅಲ್ಲಿಯೇ ಇದೆ. ತಾನು ಇಳಿದುಹೋದ ಮೆಟ್ಟಿಲು ತನಗಾಗಿ ಕಾದಿದೆ. ಆ ಪೆಟ್ಟಿಗೆಯಲ್ಲಿ ತಂತಿಯಿಲ್ಲ, ದೀಪವಿಲ್ಲ, ಆದರೂ ಅದು ಪೂರ್ಣಾರ್ಥದಲ್ಲಿ ಯಂತ್ರ. ಪಾಠವನ್ನು ಹಿಡಿದು ನಿಲ್ಲಿಸುತ್ತದೆ. ಮತ್ತು ಅದರ ಒಂದೊಂದು ಕಾರ್ಡಿನ ಹಿಂದೆಯೂ ಈ ಮಗುವಿಗೆ ಇದನ್ನು ತಿಳಿಯಪಡಿಸಬೇಕೆಂಬ ಹಂಬಲದಿಂದ ಕುಳಿತು ಬರೆದ ಒಬ್ಬ ಉಪಾಧ್ಯಾಯನ ಕೈ ಇತ್ತು. 2009-10ರ ಹೊತ್ತಿಗೆ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿ, ಕಾರ್ಡುಗಳು ಅಚ್ಚಾಗಿ ಕಟ್ಟುಕಟ್ಟಾಗಿ ಬರತೊಡಗಿದುವು. ಬೆಳವಣಿಗೆಗೆ ಅದು ಅನಿವಾರ್ಯವಿರಬಹುದು. ಆದರೆ ಕಾರ್ಡು ಬರೆದವನೂ ಕಲಿಸುವವನೂ ಒಬ್ಬನೇ ಆಗಿದ್ದ ಆ ಮೊದಲ ವರ್ಷಗಳ ಬಿಸಿ ಅಚ್ಚಿನ ಕಾರ್ಡಿಗೆ ದಾಟಿತೆಂದು ನಾನು ಹೇಳಲಾರೆ.

ಇಲ್ಲಿ ಒಂದು ವಿನೋದವುಂಟು. ರಿಷಿವ್ಯಾಲಿ ಜಿಡ್ಡು ಕೃಷ್ಣಮೂರ್ತಿಯವರು ನೆಟ್ಟ ಸಸಿ. 1929ರಲ್ಲಿ ಹಾಲೆಂಡಿನ ಓಮ್ಮೆನ್ನಿನಲ್ಲಿ, ತಮ್ಮನ್ನು ಜಗದ್ಗುರುವೆಂದು ಕಾಯುತ್ತಿದ್ದ ಸಂಘವನ್ನು ತಾವೇ ವಿಸರ್ಜಿಸಿ, ಸತ್ಯಕ್ಕೆ ಗುರುವಿನ ಮಧ್ಯಸ್ಥಿಕೆ ಸಲ್ಲದೆಂದು ಸಾರಿದವರು ಅವರು. ವಡುಗನಂಬಿಯೋ, ಗುರುವಿನ ಮುಂದೆ ದೇವರನ್ನೂ ಲೆಕ್ಕಿಸದವನು. ಸಾಲಿಗ್ರಾಮದಿಂದ ಹೆಗ್ಗಡದೇವನಕೋಟೆಗೆ ಒಂದು ಬೆಳಗಿನ ಬಸ್ಸಿನ ಹಾದಿ. ಇವರಿಬ್ಬರ ನಡುವೆಯಾದರೋ ಧ್ರುವಾಂತರ. ಆದರೂ ನಲಿ ಕಲಿಯ ಕೋಣೆಯಲ್ಲಿ ಇಬ್ಬರೂ ಸೇರುತ್ತಾರೆ. ಕುರ್ಚಿಯನ್ನು ಮೂಲೆಗೆ ಸರಿಸಿ ನೆಲದ ಮೇಲೆ ಮಕ್ಕಳೊಡನೆ ಚಕ್ಕಳಮಕ್ಕಳ ಹಾಕಿದ ಉಪಾಧ್ಯಾಯನು ಗುರುಪೀಠದಿಂದ ಇಳಿದವನು, ಕೃಷ್ಣಮೂರ್ತಿಯವರ ಮನಸ್ಸಿಗೆ ಒಪ್ಪುವವನು. ಐದು ತಟ್ಟೆಗಳ ಮೇಲೆ ಕಣ್ಣಾಡಿಸುತ್ತ ಯಾವುದು ಉಕ್ಕೀತು ಎಂದು ಎಚ್ಚರದಿಂದಿರುವವನು ವಡುಗನಂಬಿಯ ಗೋತ್ರದವನು. ಗುರುವು ಬೇಕೋ ಬೇಡವೋ ಎಂಬ ಮಹಾವಾದವನ್ನು ಮಠಗಳಿಗೆ ಬಿಟ್ಟುಬಿಡೋಣ. ಒಲೆಯ ಮುಂದೆ ಒಬ್ಬರು ಬೇಕು ಎಂಬುದರಲ್ಲಿ ವಾದವಿಲ್ಲ.

ಕೂಲಿಮಠಗಳ ಕಾಲದ ಮರಳನ್ನೂ ಸ್ಲೇಟನ್ನೂ ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಮರಳಿನ ಮೇಲೆ ಬೆರಳಿನಿಂದ ತಿದ್ದುವ ನಮ್ಮ ದಕ್ಷಿಣದ ರೂಢಿಯನ್ನು ಮದ್ರಾಸಿನಲ್ಲಿ ಕಂಡು ಬೆರಗಾದ ಆಂಡ್ರೂ ಬೆಲ್ ಎಂಬ ಪಾದ್ರಿ ಅದನ್ನು ತನ್ನ ಶಾಲೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಅಚ್ಚು ಹಾಕಿಸಿ, ಇಂಗ್ಲೆಂಡಿನ ಬಡಮಕ್ಕಳಿಗೂ ಮರಳು ಮುಟ್ಟಿಸಿದ. ತರಗತಿಯ ತಂತ್ರವೆಂದರೆ ಪಡುವಣದಿಂದಲೇ ಬರಬೇಕೆಂದು ತಿಳಿದವರು ಇದನ್ನು ಗಮನಿಸಬಹುದು. ನಮ್ಮ ಬಳಪವಾದರೋ ಹೊಯ್ಸಳರು ದೇವಾಲಯ ಕಡೆದ ಜಾತಿಯ ಕಲ್ಲು. ಹುಣಸೆಬೀಜದ ಅಂಬಲಿಯನ್ನೂ ಇದ್ದಿಲನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದ ಮೇಲೆ ಶಾನುಭೋಗರು ಲೆಕ್ಕ ಬರೆಯುತ್ತಿದ್ದುದೂ ಅದರಿಂದಲೇ. ಮರಳಿನದೂ ಸ್ಲೇಟಿನದೂ ದೊಡ್ಡ ಗುಣ, ಅಳಿಸಬಹುದಾದದ್ದು. ತಪ್ಪು ಮಾಡಿದ ಮಗು ಅಂಗೈಯಿಂದ ಒಮ್ಮೆ ಉಜ್ಜಿದರೆ ಆ ತಪ್ಪಿಗೆ ಸಾಕ್ಷಿ ಉಳಿಯುತ್ತಿರಲಿಲ್ಲ. ಈಗಿನ ಯಂತ್ರ ಮಗುವಿನ ಒಂದೊಂದು ತಪ್ಪನ್ನೂ ಎಣಿಸಿ ಎಲ್ಲಿಯೋ ಜೋಪಾನವಾಗಿಡುತ್ತದೆ. ಚಿತ್ರಗುಪ್ತನ ಕೆಲಸವನ್ನು ಒಂದನೆಯ ತರಗತಿಯಿಂದಲೇ ಆರಂಭಿಸಬೇಕೆ?

ಹೆಸರಿಡುವುದರಲ್ಲಿ ನಮ್ಮವರು ಜಾಣರು. 2017ರ ಉಪಾಧ್ಯಾಯರ ದಿನದಂದು ಕೇಂದ್ರ ಸರ್ಕಾರವು ತೆರೆದ ಪಾಠಭಂಡಾರಕ್ಕೆ ‘ದೀಕ್ಷಾ’ ಎಂದು ಹೆಸರು. ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾಗಿರುವ ಚೌಕುಳಿ ಗುರುತಿಗೆ ಫೋನು ಹಿಡಿದರೆ ಅದು ತೆರೆದುಕೊಳ್ಳುತ್ತದೆ. ದೀಕ್ಷೆಯೆಂದರೆ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವಿಡುವುದೆಂದು ತಿಳಿದು ಬೆಳೆದವರಿಗೆ ಈ ಹೆಸರು ಮುಗುಳ್ನಗೆ ತರಿಸದಿರದು. 2020ರ ಮಾರ್ಚಿನಲ್ಲಿ ಕೊರೋನದಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನದಲ್ಲಿ ಜುಲೈಯಿಂದ ‘ಸಂವೇದ’ ಪಾಠಗಳು ಬಂದುವು. ಅದರ ಬೆನ್ನಿಗೇ ಆಗಸ್ಟಿನಲ್ಲಿ ‘ವಿದ್ಯಾಗಮ’. ವಿದ್ಯೆಯೇ ಬರುವುದು ಎಂದು ಆ ಶಬ್ದಕ್ಕೆ ಅರ್ಥ ಹೇಳಬಹುದು, ಮತ್ತು ಆದದ್ದೂ ಅದೇ: ಉಪಾಧ್ಯಾಯರು ಹಳ್ಳಿಗಳಿಗೆ ಬಂದರು, ಗುಡಿಯ ಜಗಲಿಯ ಮೇಲೆ, ಅರಳಿಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಮಕ್ಕಳನ್ನು ದೂರದೂರ ಕೂರಿಸಿಕೊಂಡು ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಸಿಗ್ನಲ್ ಸಿಕ್ಕದ ಹಾಡಿಗಳ ಮಕ್ಕಳಿಗೆ ಆ ವರ್ಷ ದೀಕ್ಷೆಯೂ ಇಲ್ಲ ಆಗಮವೂ ಇಲ್ಲ. ಪರದೆಯಿಲ್ಲದಿರುವುದು ಒಂದು ಬಗೆಯ ಕೊರತೆ, ಪರದೆಯೊಂದೇ ಇರುವುದು ಇನ್ನೊಂದು ಬಗೆಯದು. ಕಾಡಂಚಿನ ಮಕ್ಕಳು ಮೊದಲನೆಯದನ್ನು ಉಂಡರು, ಪಟ್ಟಣದ ಮಕ್ಕಳು ಎರಡನೆಯದನ್ನು.

ಮತ್ತೆ ಬೈಲಕುಪ್ಪೆಗೆ ಬರುತ್ತೇನೆ, ಮಣಿಚಕ್ರಕ್ಕೆ ಅನ್ಯಾಯವಾಗಬಾರದೆಂದು. 1419ರಲ್ಲಿ ಲ್ಹಾಸಾದ ಬಳಿ ಸ್ಥಾಪಿತವಾಗಿ, 1970ರಲ್ಲಿ ಇಲ್ಲಿ ಮತ್ತೆ ತಲೆಯೆತ್ತಿದ ಸೆರಾ ಮಹಾವಿಹಾರದ ಅಂಗಳಕ್ಕೆ ಸಂಜೆ ಹೋದರೆ ಬೇರೊಂದು ನೋಟ ಕಾಣುತ್ತದೆ. ನೂರಾರು ಭಿಕ್ಷುಗಳು ಜೋಡಿಜೋಡಿಯಾಗಿ ವಾದದಲ್ಲಿ ತೊಡಗಿರುತ್ತಾರೆ. ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ. ಕೇಳುವವನು ಎದುರು ನಿಂತು ಮೊದಲು ‘ಧೀಃ’ ಎಂದು ಉಚ್ಚರಿಸುತ್ತಾನೆ. ಅದು ಮಂಜುಶ್ರೀಯ ಬೀಜಾಕ್ಷರ. ಬ್ರಾಹ್ಮಣವಟು ಗಾಯತ್ರಿಯಲ್ಲಿ ಬೇಡುವುದೂ ಈ ಧೀಶಕ್ತಿಯ ಪ್ರಚೋದನೆಯನ್ನೇ. ಅನಂತರ ಬಲಗೈಯನ್ನು ತಲೆಯ ಮೇಲಕ್ಕೆತ್ತಿ, ಎಡಗಾಲನ್ನು ನೆಲಕ್ಕೆ ಅಪ್ಪಳಿಸುತ್ತ, ಚಟ್ಟನೆ ಚಪ್ಪಾಳೆ ಹೊಡೆದು ಪ್ರಶ್ನೆಯನ್ನು ಎಸೆಯುತ್ತಾನೆ. ಕುಳಿತವನಿಗೆ ಭಾಷಣ ಮಾಡುವ ಅವಕಾಶವಿಲ್ಲ. ಅವನಿಗೆ ಅನುಮತವಾದ ಉತ್ತರಗಳು ಕೆಲವೇ: ಒಪ್ಪಿದೆ, ಏಕೆ, ಹೇತು ಸಿದ್ಧವಲ್ಲ, ವ್ಯಾಪ್ತಿಯಿಲ್ಲ. ದಿಙ್ನಾಗ ಧರ್ಮಕೀರ್ತಿಗಳ ತರ್ಕವನ್ನು ಈ ನಾಲ್ಕು ಗುಂಡಿಗಳ ಯಂತ್ರವನ್ನಾಗಿ ಕಟ್ಟಿ, ಹತ್ತೆಂಟು ವರ್ಷಗಳ ಕಾಲ ದಿನವೂ ಸಂಜೆ ಅದರಲ್ಲಿ ಬುದ್ಧಿಯನ್ನು ಅರೆಯುವ ಈ ಸಂಪ್ರದಾಯವನ್ನು ನೋಡಿದಾಗ, ಮಣಿಚಕ್ರವನ್ನು ಕಂಡು ನಗುವವರು ಆ ಅಂಗಳದವರೆಗೂ ನಡೆದು ಹೋಗಬೇಕಿತ್ತು ಎನಿಸುತ್ತದೆ. ಒಂದೇ ಊರಿನಲ್ಲಿ ಒಂದೇ ಶ್ರದ್ಧೆ ತಾನಾಗಿ ತಿರುಗುವ ಚಕ್ರವನ್ನೂ ಸಾಕಿಕೊಂಡಿದೆ, ಚಪ್ಪಾಳೆಯಿಂದ ಪ್ರತಿಯೊಂದನ್ನೂ ತಡೆದು ಕೇಳುವ ಅಂಗಳವನ್ನೂ ಸಾಕಿಕೊಂಡಿದೆ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಹಕಾರದಿಂದ ಇಲ್ಲಿಯ ಭಿಕ್ಷುಗಳಿಗೆ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನಗಳ ಪಾಠವೂ ಈಗ ನಡೆಯುತ್ತದೆ. ಪರದೆಯೂ ಉಪಕರಣಗಳೂ ಆ ಕೋಣೆಗಳಿಗೆ ಬಂದಿವೆ. ಬಂದುದರಿಂದ ಚಪ್ಪಾಳೆ ನಿಂತಿಲ್ಲ. ಕೇಳುವುದು, ಆಲೋಚಿಸುವುದು, ಭಾವಿಸುವುದು ಎಂದು ಕಮಲಶೀಲನ ‘ಭಾವನಾಕ್ರಮ’ದಲ್ಲಿ ಪ್ರಜ್ಞೆಗೆ ಮೂರು ಮೆಟ್ಟಿಲು, ಯಾಜ್ಞವಲ್ಕ್ಯನು ಮೈತ್ರೇಯಿಗೆ ಹೇಳಿದ ಶ್ರವಣ ಮನನ ನಿದಿಧ್ಯಾಸನಗಳೂ ಬಹುಮಟ್ಟಿಗೆ ಇವೇ. ಯಂತ್ರಕ್ಕೆ ಮೊದಲನೆಯ ಮೆಟ್ಟಿಲಿನಲ್ಲಿ ಮಾತ್ರ ಜಾಗವೆಂದು ಬಹುಕಾಲ ನಾನು ತಿಳಿದಿದ್ದೆ. ಎರಡನೆಯದರಲ್ಲಿಯೂ ಅದು ಕಾಲಿಡಬಲ್ಲುದೆಂದು ನನಗೆ ತೋರಿಸಿದ್ದು ಕಬಿನಿಯ ಹಿನ್ನೀರಿನ ಅಂಚಿನ ಒಂದು ಜೇನುಕುರುಬರ ಹಾಡಿ.

ಅಲ್ಲಿಯ ಶಾಲೆಯ ಕಿರಿಯ ಉಪಾಧ್ಯಾಯಿನಿಯೊಬ್ಬರು ಆರನೆಯ ತರಗತಿಯ ಹುಡುಗನೊಬ್ಬನ ಕೈಗೆ ತಮ್ಮ ಫೋನನ್ನು ಕೊಟ್ಟು, ತಾತನ ಬಳಿ ಜೇನಿನ ವಿಷಯವನ್ನೆಲ್ಲ ಕೇಳಿ ಅದರಲ್ಲಿ ತುಂಬಿಕೊಂಡು ಬಾ ಎಂದಿದ್ದರು. ನಾನೂ ಜೊತೆಯಲ್ಲಿ ಹೋದೆ. ಮುದುಕ ಗುಡಿಸಲಿನ ಮುಂದೆ ಬಿದಿರು ಸೀಳುತ್ತ ಕುಳಿತಿದ್ದ. ಹುಡುಗ ಫೋನನ್ನು ಕಲ್ಲಿಗೆ ಒರಗಿಸಿಟ್ಟು ಪ್ರಶ್ನೆ ಕೇಳುತ್ತ ಹೋದ. ಮುದುಕ ಕೈಕೆಲಸ ಬಿಡದೆ ಉತ್ತರ ಹೇಳುತ್ತ ಹೋದ: ಹೆಜ್ಜೇನು ಎತ್ತರದ ಮರಕ್ಕೆ ಬಯಲಾಗಿ ಕಟ್ಟುತ್ತದೆ, ತುಡುವೆ ಪೊಟರೆಯೊಳಗೆ, ಕೋಲುಜೇನು ಪೊದೆಯ ಕಡ್ಡಿಗೆ. ನೇರಳೆ ಹೂ ಬಿಟ್ಟಾಗ ಹೆಜ್ಜೇನು ಬರುತ್ತದೆ. ವಾತ್ಸ್ಯಾಯನನು ಕಂಡಿದ್ದರೆ ತನ್ನ ಮೂರು ಲಕ್ಷಣಗಳೂ ಇಲ್ಲಿ ಬಿದಿರು ಸೀಳುತ್ತ ಕುಳಿತಿವೆಯೆಂದು ಸಂತೋಷಪಡುತ್ತಿದ್ದ. ಪ್ರಶ್ನೆಗಳು ಮುಗಿದುವು. ಸರಿಯಾಗಿ ತುಂಬಿದೆಯೋ ಇಲ್ಲವೋ ನೋಡಲೆಂದು ಹುಡುಗ ಗುಂಡಿಯೊತ್ತಿದ. ಕಲ್ಲಿನ ಕಡೆಯಿಂದ ತನ್ನದೇ ದನಿ ಬರುತ್ತಲೇ ಮುದುಕನ ಕತ್ತಿ ನಿಂತಿತು. ಬಾಯಿ ಸ್ವಲ್ಪ ತೆರೆದು, ಇನ್ನೊಬ್ಬನ ಮಾತನ್ನು ಕೇಳುವಂತೆ, ತಲೆ ವಾಲಿಸಿ ಕೇಳಿದ. ನೇರಳೆಯ ಮಾತು ಬಂದೊಡನೆ ಅವನ ಹುಬ್ಬು ಗಂಟಿಕ್ಕಿತು.

“ತಡಿ ಮಗ,” ಎಂದ, “ಅದು ತಪ್ಪು. ಹುಳ ಬರೋದು ಅದಕ್ಕೂ ಮುಂಚೇನೇ. ತುಪ್ಪ ಕಟ್ಟೋದು ನೇರಳೆ ಹೂಗೆ.” ಕತ್ತಿಯನ್ನು ಕೆಳಗಿಟ್ಟು, ಎರಡು ಕೈಯನ್ನೂ ಪಂಚೆಗೆ ಒರೆಸಿಕೊಂಡು, ಫೋನಿನ ಎದುರಿಗೆ ಸರಿದು ಕುಳಿತ. “ಅಳಸಾಕು ಅದ. ಇನ್ನೊಂದ್ ಸಲ ಕೇಳು.”